ಯಂತ್ರದ ಕೈಗೆ ಸ್ಪರ್ಶಜ್ಞಾನ

(ಕೂಕಟ್‌ಪಲ್ಲಿಯ ಕನ್ನಡಿಗರ ಕೂಟದಲ್ಲಿ ಮಾಡಿದ ಭಾಷಣ)



ನಾನು ಬ್ಯಾಂಕಿನ ಗುಮಾಸ್ತ, ವೈದ್ಯನಲ್ಲ. ಈಚೆಗೆ ರಾಯಚೂರಿನಿಂದ ಬಂದ ನಮ್ಮ ತಾಯಿಯವರಿಗೆ ಪಿತ್ತಕೋಶದ ಶಸ್ತ್ರಕ್ರಿಯೆಯನ್ನು ರೋಬೋಟ್ ಯಂತ್ರದಿಂದ ಮಾಡಬಹುದೆಂದು ಇಲ್ಲಿಯ ವೈದ್ಯರು ಹೇಳಿದರು. ಅಮ್ಮ ಕೇಳಿದ್ದು ಒಂದೇ ಮಾತು: "ಅದರ ಕೈಗೆ ಮೆತ್ತಗಿದ್ದದ್ದು, ಬಿರುಸಿದ್ದದ್ದು ತಿಳೀತದೇನಪ್ಪಾ?"

ಸ್ಪರ್ಶದ ಬೆಲೆಯನ್ನು ನಾನು ಬಲ್ಲೆ. ನೋಟುಗಳನ್ನು ಯಂತ್ರ ಎಣಿಸಿಕೊಟ್ಟರೂ, ಐನೂರರ ನೋಟಿನ ಉಬ್ಬು ಮುದ್ರಣವನ್ನು ಬೆರಳಿನಿಂದ ಸವರಿ ನೋಡದೆ ನನಗೆ ಸಮಾಧಾನವಿಲ್ಲ. ಆದ್ದರಿಂದ ವಿಷಯವನ್ನು ಓದಿ ತಿಳಿದುಕೊಂಡೆ.

ಅಮೆರಿಕದಲ್ಲಿ 2000ರಲ್ಲಿ ಅನುಮತಿ ಪಡೆದ ಡಾ ವಿಂಚಿ ಯಂತ್ರದಲ್ಲಿ ವೈದ್ಯರು ಸ್ವಲ್ಪ ದೂರ ಕುಳಿತು ಹಿಡಿಗಳನ್ನು ಆಡಿಸುತ್ತಾರೆ. ರೋಗಿಯ ದೇಹದೊಳಗೆ ಉಪಕರಣಗಳು ಹಾಗೆಯೇ ಆಡುತ್ತವೆ. ಎಷ್ಟು ಬಲದಿಂದ ಎಳೆಯುತ್ತಿದ್ದೇವೆ ಎಂಬುದು ಮಾತ್ರ ಕೈಗೆ ತಿಳಿಯುತ್ತಿರಲಿಲ್ಲ. ಅಂಗಾಂಶ ಹಿಗ್ಗುವುದನ್ನೂ ಬಿಳುಚುವುದನ್ನೂ ಕಣ್ಣಿನಿಂದ ಕಂಡೇ ಅಳೆಯಬೇಕಿತ್ತು. 2024ರಲ್ಲಿ ಅನುಮತಿ ಪಡೆದ ಐದನೆಯ ಮಾದರಿಯಲ್ಲಿ ವಿಶೇಷ ಉಪಕರಣಗಳು ಆ ಸೆಳೆತ ಒತ್ತಡಗಳನ್ನು ಅಳೆದು ವೈದ್ಯರ ಕೈಗೆ ಮುಟ್ಟಿಸುತ್ತವೆ.

ವೈದ್ಯರು ಬೇರೆ ಊರಿನಲ್ಲೇ ಕುಳಿತರೆ ತೊಡಕು ಹೆಚ್ಚು. 2001ರ ಸೆಪ್ಟೆಂಬರ್ 7ರಂದು ಡಾ. ಜಾಕ್ ಮಾರೆಸ್ಕೊ ಅವರು ನ್ಯೂಯಾರ್ಕಿನಲ್ಲಿದ್ದುಕೊಂಡು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ ರೋಗಿಯ ಪಿತ್ತಕೋಶವನ್ನು ತೆಗೆದದ್ದುಂಟು. ಆದರೆ ಸ್ಪರ್ಶದ ಸುದ್ದಿ ತಡವಾಗಿ ತಲುಪಿದರೆ ಯಂತ್ರದ ಕೈ ಅದುರಲೂಬಹುದು.

ಅಮ್ಮನ ಪ್ರಶ್ನೆಯನ್ನು ವೈದ್ಯರ ಮುಂದಿಟ್ಟೆ. "ನಮ್ಮ ಯಂತ್ರಕ್ಕೆ ಆ ಗುಣವಿಲ್ಲ, ಕಣ್ಣಿನ ಅಂದಾಜಿನಿಂದಲೇ ಮಾಡುತ್ತೇವೆ, ಅದಕ್ಕೆ ಬಹಳ ಅಭ್ಯಾಸ ಬೇಕು" ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಮಾತಿಗೆ ಅಮ್ಮ ಒಪ್ಪಿದರು. ಈಗ ಕ್ಷೇಮವಾಗಿದ್ದಾರೆ, ಇಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ.

ಊರಿನಿಂದ ಹಿರಿಯರನ್ನು ಚಿಕಿತ್ಸೆಗೆ ಕರೆತರುವ ಬಂಧುಗಳೇ, ಅವರ ಪ್ರಶ್ನೆಯನ್ನು ಹಳ್ಳಿಯ ಮಾತೆಂದು ತಳ್ಳಿಹಾಕಬೇಡಿರಿ. ಸಂಕೋಚವಿಲ್ಲದೆ ವೈದ್ಯರನ್ನು ಕೇಳಿರಿ.