ಸಾಸ್ತೂರಿನ ದವಾಖಾನಿ: ಮಾಕಣಿಯ ಹುಡುಗರ ಮುಂದೆ ಆಡಿದ ಮಾತು



ಮೊದಲು ದವಾಖಾನಿ ಅನ್ನೋ ಶಬ್ದ ನೋಡೋಣ. ಕನ್ನಡ ಪುಸ್ತಕದಲ್ಲಿ ಆಸ್ಪತ್ರೆ, ಮರಾಠಿ ಬೋರ್ಡಿನ ಮ್ಯಾಲ ರುಗ್ಣಾಲಯ. ನಮ್ಮ ಮನಿಯೊಳಗ ಎರಡೂ ಇಲ್ಲ, ದವಾಖಾನಿ. ಅದು ನಿಜಾಮರ ರಾಜ್ಯದ ನೆನಪು. 1956ರ ನವೆಂಬರ್ 1ಕ್ಕೆ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆ ಬಿಟ್ಟು ಮುಂಬಯಿ ರಾಜ್ಯಕ್ಕೆ ಹೋದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯ ಜೊತೆಗೇ ಹೋಯಿತು. ರಾಜ್ಯ ಬದಲಾತು, ಶಬ್ದ ಉಳೀತು.

ನಿಮ್ಮಲ್ಲಿ ಬಹಳ ಮಂದಿ ಹುಟ್ಟೋಕ್ಕಿಂತ ಮೊದಲಿನ ಮಾತು. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕರ ಸುಮಾರು. ಗಣಪತಿ ಕಳಿಸಿ ಬಂದು ಮಂದಿ ಮಲಗಿದ್ದರು. ಕಿಲ್ಲಾರಿ, ಸಾಸ್ತೂರಿನಂಥ ಊರುಗಳು ಕ್ಷಣದಾಗ ಕುಸಿದವು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮ್ಯಾಲ ಮಣ್ಣಿನ ಮಾಳಿಗಿ. ಬಿಸಿಲಿಗೆ ತಂಪು ಕೊಟ್ಟ ಮನಿಗಳೇ ಸಮಾಧಿಯಾದವು. ಸರ್ಕಾರದ ಲೆಕ್ಕದಲ್ಲೇ 7,900ಕ್ಕೂ ಹೆಚ್ಚು ಸಾವು. ನಮ್ಮ ಮಾಕಣಿ ಡ್ಯಾಮಿನ ನೀರಿಂದಲೇ ಭೂಮಿ ನಡುಗಿತೇನು ಅಂತ ವಿಜ್ಞಾನಿಗಳು ಮುಂದೆ ಬಹಳ ದಿನ ವಾದ ಮಾಡಿದರು.

ಗಾಯಗೊಂಡವರನ್ನ ಹೊತ್ಕೊಂಡು ಲಾತೂರ, ಸೋಲಾಪುರದ ತನಕ ಓಡಬೇಕಾಯ್ತು. ಅಷ್ಟು ದೂರ ಜೀವ ತಡೀಬೇಕಲ್ಲ? ಆ ಪ್ರಶ್ನೆಯ ಉತ್ತರವಾಗಿ ಭೂಕಂಪದ ನಂತರ ಸಾಸ್ತೂರಿನಲ್ಲಿ ಎದ್ದದ್ದು ಸ್ಪರ್ಶ್ ಗ್ರಾಮೀಣ ರುಗ್ಣಾಲಯ. ಸರ್ಕಾರ ಮತ್ತು ಸ್ವಯಂಸೇವಾ ಸಂಸ್ಥೆ ಕೈ ಕೂಡಿಸಿ ನಡೆಸೋ ದವಾಖಾನಿ. ಹೆರಿಗೆಗೆ, ಹಾವು ಕಡಿದಾಗ, ರಾತ್ರಿ ಜ್ವರ ಏರಿದಾಗ ದೂರದ ಶಹರಕ್ಕ ಹೋಗಲಾಗದವರಿಗೆ ಹತ್ತಿರ ಒಂದು ಬಾಗಿಲು ಇರೋದು ಎಷ್ಟು ದೊಡ್ಡದು ಅಂತ 1993 ಕಂಡವರನ್ನ ಕೇಳಿ.

ಕೇಳಿ ಅಂದೆವಲ್ಲ, ಸುಮ್ಮನೆ ಅಂದದ್ದಲ್ಲ. ಅವತ್ತು ಗೋಡೆ ಎತ್ತಿದವರು, ಟ್ರ್ಯಾಕ್ಟರ್ ಹೊಡೆದವರು, ಬಾಣಂತಿಯರನ್ನ ನೋಡಿದ ಸೂಲಗಿತ್ತಿಯರು ಈಗ ಮುಪ್ಪಾಗ್ಯಾರ. ಅವರ ಮಾತು ಕನ್ನಡದಾಗ ಅದ. ಸರ್ಕಾರಿ ಕಾಗದದಾಗ ಅದು ಸಿಗಂಗಿಲ್ಲ. ಮೊಬೈಲಿನಾಗ ರೆಕಾರ್ಡ್ ಮಾಡ್ರಿ, ಹೆಸರು-ಊರು ಅವರನ್ನೇ ಕೇಳಿ ಬರಕೊಳ್ರಿ.

ಇನ್ನೊಂದು ಮಾತು. ನಮಗೆಲ್ಲ ಮರಾಠಿ ಬರ್ತದ, ಅದರ ಮ್ಯಾಲ ಸಿಟ್ಟೂ ಇಲ್ಲ. ಆದರ ಆಯಿಗೆ ಹೊಟ್ಟಿ ಕಡಿಯೋದು ಬ್ಯಾರೆ, ಹೊಟ್ಟಿ ಜಾಡಿಸೋದು ಬ್ಯಾರೆ. ಬ್ಯಾನಿ ಜೋರಾದಾಗ ಆಕಿ ಕನ್ನಡದಾಗೇ ನರಳ್ತಾಳ. ಡಾಕ್ಟರಿಗೆ ಅದು ತಿಳೀಬೇಕಾದರ ಮಗ್ಗುಲಿಗೆ ನಮ್ಮ ಹುಡುಗಿ ನರ್ಸ್ ಆಗಿ ನಿಂತಿರಬೇಕು. ಸಂವಿಧಾನದ 350ನೇ ವಿಧಿಯ ಪ್ರಕಾರ ರಾಜ್ಯದಾಗ ಬಳಕೆಯಲ್ಲಿರೋ ಯಾವುದೇ ಭಾಷೆಯಲ್ಲಿ ನಮ್ಮ ಅಹವಾಲು ಕೊಡಬಹುದು. ತಾಲೂಕಿನಾಗ ನೂರಕ್ಕ 15 ಮಂದಿ ಅಲ್ಪಸಂಖ್ಯಾತ ಭಾಷಿಕರಿದ್ದರ, ಮಹತ್ವದ ಸೂಚನೆಗಳು ಅವರ ಭಾಷೆಯಾಗೂ ಬರಬೇಕು ಅಂತ ರಾಜ್ಯಗಳು ಒಪ್ಪಿದ ನಿಯಮ ಅದ. ಲಸಿಕೆಯ ದಿನ, ಔಷಧಿ ತಗೊಳ್ಳೋ ರೀತಿ ಕನ್ನಡದಾಗೂ ಬರೀರಿ ಅಂತ ಅರ್ಜಿ ಇವತ್ತೇ ಬರೆಯೋಣ. ಕಾಗದ, ಪೆನ್ನು ಹಿಂದಿನ ಬೆಂಚಿನ ಮ್ಯಾಲ ಇಟ್ಟೀವಿ. ಚಾ ಆದ ಮ್ಯಾಲ ಕೂಡೋಣ.