ನೀರಿನ ಪೈಪು ಹಿಡಿಯುವ ಮುನ್ನ
(ಈಸೂರಿನ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಸಂಘದ ಸಭೆ ಎಂದರೆ ಉಳಿತಾಯ, ಸಾಲ, ಮರುಪಾವತಿ ಇಷ್ಟನ್ನೇ ಮಾತಾಡಿ ಏಳುವುದು ವಾಡಿಕೆ. ಈ ಸಲ ಬೆಂಕಿಯ ವಿಷಯ ಎತ್ತಿಕೊಂಡಿದ್ದೇವೆ. ಸಂಘದ ಸಾಲದಲ್ಲಿ ತಂದ ಎಮ್ಮೆ, ಅದಕ್ಕೆ ಒಟ್ಟಿದ ಹುಲ್ಲಿನ ಬಣವೆ, ಕೂಡಿಟ್ಟ ಮೆಕ್ಕೆಜೋಳ, ಒಂದು ಕಿಡಿಗೆ ಎಲ್ಲ ಹೋದೀತು. ಸಾಲದ ಕಂತು ಮಾತ್ರ ಉಳಿಯುತ್ತೆ, ಅಲ್ವಾ?

ಬೇಸಿಗೆಯ ಮಧ್ಯಾಹ್ನ ಬೆಂಕಿ ಬಿದ್ದರೆ ಗಂಡಸರು ಹೊಲದಲ್ಲೋ ಪೇಟೆಯಲ್ಲೋ ಇರುತ್ತಾರೆ. ಮೊದಲು ಕೊಡ ಎತ್ತಿಕೊಂಡು ಓಡುವವರು ನಾವೇ. 1942ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತ ಊರಿದು; ಹೆಂಗಸರೂ ಹಿಂದೆ ಉಳಿಯಲಿಲ್ಲ. ಧೈರ್ಯವನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಧೈರ್ಯದ ಜೊತೆ ತಿಳಿವಳಿಕೆ ಇರದಿದ್ದರೆ, ಬೆಂಕಿ ಆರಿಸಲು ಹೋದವರೇ ಕರೆಂಟು ಹೊಡೆಸಿಕೊಳ್ಳುತ್ತಾರೆ.

ಮೊದಲು ಫೋನು. 101 ಅಥವಾ 112. ಊರು, ಬೀದಿ, ಹತ್ತಿರದ ಗುರುತು, ಏನು ಉರಿಯುತ್ತಿದೆ ಎಂಬುದನ್ನು ನಿಧಾನವಾಗಿ ಹೇಳಿ. "ಸ್ವಲ್ಪ ನೋಡೋಣ, ನಾವೇ ಆರಿಸೋಣ" ಎಂದು ತಡಮಾಡಬೇಡಿ. ಒಬ್ಬರು ಮುಖ್ಯರಸ್ತೆಗೆ ಹೋಗಿ ನಿಂತು ವಾಹನಕ್ಕೆ ದಾರಿ ತೋರಿಸಲಿ.

ಆಮೇಲೆ ಕರೆಂಟು. ನೀರು ಹಾಕುವ ಮುಂಚೆ ಆ ಮನೆಯ ಮೇನ್ ಸ್ವಿಚ್ ಆಫ್ ಆಗಬೇಕು. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಸುಳಿಯಬೇಡಿ, ಮೆಸ್ಕಾಂನ 1912ಕ್ಕೆ ತಿಳಿಸಿ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬಾರದು, ಎಣ್ಣೆ ಸಿಡಿದು ಉರಿ ಮೇಲಕ್ಕೇಳುತ್ತೆ. ಒಲೆ ಆರಿಸಿ, ತಟ್ಟೆ ಮುಚ್ಚಿ ಸುಮ್ಮನೆ ಬಿಡಿ.

ಮೋಟಾರು. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಬೇಡಿ. ಕಾಲಡಿ ಒಣ ಹಲಗೆ ಇರಲಿ. ತ್ರೀ ಫೇಸ್ ಕರೆಂಟು ಇಡೀ ದಿನ ಇರುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ಬೋರನ್ನೇ ನಂಬಿ ಕೂರಬೇಡಿ, ಬೇಸಿಗೆಯಲ್ಲಿ ಕೊಟ್ಟಿಗೆ ಹತ್ತಿರ ಒಂದು ಡ್ರಮ್ಮು ನೀರು ತುಂಬಿರಲಿ. ಡೀಸೆಲ್ ಪಂಪನ್ನು ಕೋಣೆಯೊಳಗೆ ಓಡಿಸಬಾರದು, ಅದರ ಹೊಗೆ ಜೀವ ತೆಗೆಯುತ್ತೆ. ಬಿಸಿಯಾಗಿರುವಾಗ ಎಣ್ಣೆ ಸುರಿಯಬಾರದು. ತಿರುಗುವ ಬೆಲ್ಟಿನ ಹತ್ತಿರ ಹೋಗುವ ಮುಂಚೆ ಸೆರಗು ಸಿಕ್ಕಿಸಿ, ಜಡೆ ಕಟ್ಟಿಕೊಳ್ಳಿ. ಕೆರೆಗೆ ಇಳಿಸಿದ ಪೈಪಿನ ಬಾಯಿ ನೀರಲ್ಲಿ ಪೂರ್ತಿ ಮುಳುಗಿರಲಿ, ಕೆಸರು ಎಳೆಯದಂತೆ ಜಾಲರಿ ಇರಲಿ.

ಪೈಪು. ಅಗ್ನಿಶಾಮಕ ದಳದವರ ದೊಡ್ಡ ಪೈಪು 63 ಮಿಲಿಮೀಟರ್ ಅಗಲದ್ದು. 15 ಮೀಟರ್ ಉದ್ದದ ಒಂದು ತುಂಡಿನಲ್ಲಿ ಸುಮಾರು 47 ಲೀಟರ್ ನೀರು ಹಿಡಿಯುತ್ತೆ, ಅಂದರೆ ಪೈಪಿನ ತೂಕ ಬಿಟ್ಟು ನೀರೇ 47 ಕೆ.ಜಿ. ಮೇಲಾಗಿ ನೀರು ಮುಂದಕ್ಕೆ ನುಗ್ಗುವಾಗ ಪೈಪಿನ ಬಾಯಿ ಹಿಂದಕ್ಕೆ ತಳ್ಳುತ್ತೆ. ಕೈತಪ್ಪಿದರೆ ಅದರ ಹಿತ್ತಾಳೆ ಮೂತಿ ಹಾವಿನಂತೆ ಹೊರಳಾಡಿ ತಲೆ ಒಡೆದೀತು. ಆದ್ದರಿಂದ ಅವರು ಹೇಳದೆ ಅದನ್ನು ಹಿಡಿಯಬೇಡಿ. ಸಹಾಯಕ್ಕೆ ಕರೆದರೆ, ಒಬ್ಬರ ಹಿಂದೆ ಒಬ್ಬರು ಒಂದೇ ಪಕ್ಕದಲ್ಲಿ ನಿಂತು, ಒಂದು ಕಾಲು ಮುಂದಿಟ್ಟು ಗಟ್ಟಿಯಾಗಿ ಹಿಡಿಯಿರಿ. ಪೈಪನ್ನು ಕಾಲುಗಳ ನಡುವೆ ಬಿಟ್ಟುಕೊಳ್ಳಬೇಡಿ. ನೀರು ಬಿಡುವುದೂ ನಿಲ್ಲಿಸುವುದೂ ನಿಧಾನವಾಗಿ ಆಗಬೇಕು. ತಟ್ಟನೆ ನಿಲ್ಲಿಸಿದರೆ ಒತ್ತಡ ಏರಿ ಪೈಪು ಒಡೆಯಬಹುದು. ಮಡಿಕೆ ಬೀಳದಂತೆ, ಮೇಲೆ ಗಾಡಿ ಹೋಗದಂತೆ ನೋಡಿಕೊಳ್ಳುವುದು ನಾವು ಮಾಡಬಹುದಾದ ದೊಡ್ಡ ಉಪಕಾರ.

ಬಣವೆ. ಗಾಳಿ ನಿಮ್ಮ ಬೆನ್ನಿಗೆ ಬರುವಂತೆ ನಿಂತು ನೀರು ಹಾಕಿ. ಬಣವೆ ಹತ್ತಬೇಡಿ, ಒಳಗೊಳಗೇ ಬೆಂದು ಕುಸಿದಿರುತ್ತೆ. ಉರಿ ಇಳಿದ ಮೇಲೆ ಉದ್ದನೆಯ ಕೋಲಿನಿಂದ ಬಿಡಿಸಿ ಒಳಗೂ ನೀರು ಹಾಕಬೇಕು, ಇಲ್ಲವಾದರೆ ರಾತ್ರಿ ಮತ್ತೆ ಹೊತ್ತಿಕೊಳ್ಳುತ್ತೆ. ದನಗಳ ಕಣ್ಣಿ ಬಿಚ್ಚುವುದು ನೀರಿಗಿಂತ ಮುಂಚಿನ ಕೆಲಸ. ಆದರೆ ಉರಿಯುವ ಸೂರಿನ ಕೆಳಗೆ ನುಗ್ಗಬೇಡಿ. ಎಮ್ಮೆ ಮತ್ತೊಂದು ತರಬಹುದು, ಮಕ್ಕಳಿಗೆ ಅಮ್ಮ ಮತ್ತೊಬ್ಬಳು ಬರುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಅಗ್ನಿಶಾಮಕ ವಾಹನದಲ್ಲಿ ಸಾಮಾನ್ಯವಾಗಿ 4,500 ಲೀಟರ್ ನೀರು ಇರುತ್ತೆ. ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಹತ್ತೇ ನಿಮಿಷ! ಆಮೇಲೆ ನೀರು ಎಲ್ಲಿಂದ? ಅದಕ್ಕೆ ಉತ್ತರ ಊರಿನವರ ಬಳಿ ಇರಬೇಕು.

ಹಾಗಾಗಿ ಮುಂದಿನ ಸಭೆಗೆ ಪ್ರತಿ ಸಂಘದವರೂ ಮೂರು ಕೆಲಸ ಮಾಡಿಕೊಂಡು ಬನ್ನಿ. ಒಂದು, ವಾಹನ ಹೋಗಿ ನೀರು ತುಂಬಿಸಿಕೊಳ್ಳಬಹುದಾದ ಕೆರೆ, ಬಾವಿ, ಟ್ಯಾಂಕುಗಳ ಪಟ್ಟಿ. ಎರಡು, ಪಂಪ್‌ಹೌಸಿನ ಬೀಗದ ಕೈ ಯಾರ ಹತ್ತಿರ ಇದೆ, ಅವರಿಲ್ಲದಾಗ ಯಾರ ಹತ್ತಿರ ಎಂಬ ವಿವರ. ಮೂರು, ಓಣಿಯಲ್ಲಿ ವಾಹನಕ್ಕೆ ಅಡ್ಡವಾಗುವ ಕಟ್ಟಿಗೆ ರಾಶಿ, ಜಗ್ಗಿದ ತಂತಿ ಎಲ್ಲೆಲ್ಲಿವೆ ಎಂಬ ಗುರುತು. ಇವನ್ನು ಗ್ರಾಮಸಭೆಯಲ್ಲಿ ಓದಿ ನಡಾವಳಿ ಪುಸ್ತಕದಲ್ಲಿ ಬರೆಸೋಣ.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗು ಸಿಡಿದು ಬೆಂಕಿ ಆರಿಸುವವರು ಅನೇಕರು ಸತ್ತರು. ಅವರ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಆ ವಾರ ಠಾಣೆಯವರನ್ನು ಊರಿಗೆ ಕರೆಯಿರಿ. ಪೈಪು ಹಿಡಿಯುವುದನ್ನು ಅವರ ಎದುರಿಗೇ ಕೈಯಾರೆ ಕಲಿಯೋಣ. ಕಲಿತದ್ದನ್ನು ಬಾರದಿದ್ದ ಅಕ್ಕತಂಗಿಯರಿಗೂ ಹೇಳಿಕೊಡಿ.