ಬಿಸಿಲಿನ ಬೆಳೆ, ಕೂಲಿಯವರ ಪ್ರಶ್ನೆ

(ಮಧುಗಿರಿಯಲ್ಲಿ ನಡೆದ ಮಾಸಿಕ ಗೋಷ್ಠಿಯ ಉಪನ್ಯಾಸ)

 

ನಾನು ಸರ್ಕಾರಿ ಎಂಜಿನಿಯರ್ ಆಗಿದ್ದು ನಿವೃತ್ತನಾದವನು. ಕಳೆದ ಬೇಸಿಗೆಯಲ್ಲಿ ಪಾವಗಡ ತಾಲ್ಲೂಕಿಗೆ ಹೋಗಿದ್ದಾಗ, ಬಸ್ಸಿಗೆ ಕಾಯುತ್ತಿದ್ದ ತಾಯಿಯೊಬ್ಬರು ಕೇಳಿದರು: “ಏನ್ ಸ್ವಾಮಿ, ಓದ್ದೋರು ನೀವು. ಆ ಗಾಜಿನ ಹಲಗೆಗಳು ಮೋಡ ಓಡಿಸ್ತಾವಂತೆ, ನಿಜಾನಾ?” ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಅವರಿಗೆ ಕೊಡಬೇಕಿದ್ದ ಉತ್ತರವನ್ನು ಇಂದು ನಿಮ್ಮ ಮುಂದೆ ಹೇಳುತ್ತೇನೆ.

ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು. ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ಣಗೊಂಡಿತು. ಹೊಗೆಯಿಲ್ಲ, ಬೂದಿಯಿಲ್ಲ. ನಮ್ಮ ಜಿಲ್ಲೆಗೆ ಹೆಮ್ಮೆಯ ಕೆಲಸವೇ.

ಹಲಗೆಗಳು ಮೋಡ ಓಡಿಸುತ್ತವೆಯೇ? ನಮ್ಮ ಮಳೆ ಸಮುದ್ರದಿಂದ ಗಾಳಿ ಹೊತ್ತು ತರುವ ಮಳೆ. ಪಾವಗಡ ಪಶ್ಚಿಮಘಟ್ಟದ ಮಳೆನೆರಳಿನಲ್ಲಿದೆ. ಹಲಗೆ ಬರುವ ಮುಂಚೆಯೂ ಅಲ್ಲಿ ಬರವಿತ್ತು. ಹಾಗಾಗಿ ಮಳೆ ಹೋದ ತಪ್ಪನ್ನು ಹಲಗೆಯ ಮೇಲೆ ಹೊರಿಸಲು ನನಗೆ ಕಾರಣ ಕಾಣುವುದಿಲ್ಲ.

ಆದರೆ ಸೆಕೆಯ ಮಾತು ಬೇರೆ. ಹಲಗೆಯು ಬಿದ್ದ ಬಿಸಿಲಿನಲ್ಲಿ ಸುಮಾರು ಐದನೇ ಒಂದು ಪಾಲನ್ನು ಮಾತ್ರ ವಿದ್ಯುತ್ ಮಾಡುತ್ತದೆ. ಉಳಿದದ್ದು ಹೆಚ್ಚಾಗಿ ಶಾಖವಾಗುತ್ತದೆ. ಗಿಡಗಂಟಿ ತೆಗೆದ ನೆಲದಲ್ಲಿ ಎಲೆಯಿಂದ ನೀರು ಆವಿಯಾಗಿ ತಂಪಾಗುವುದೂ ಇಲ್ಲ. ಅಮೆರಿಕದ ಅರಿಜೋನಾದಲ್ಲಿ ಅಳೆದು ನೋಡಿ 2016ರಲ್ಲಿ ಪ್ರಕಟಿಸಿದ್ದಾರೆ: ಅಲ್ಲಿನ ಸೋಲಾರ್ ಘಟಕವೊಂದರೊಳಗೆ ರಾತ್ರಿ ಸುತ್ತಲ ಮರುಭೂಮಿಗಿಂತ 3–4 ಡಿಗ್ರಿ ಸೆಲ್ಸಿಯಸ್ ಹೆಚ್ಚು. ಅದು ಅಲ್ಲಿನ ಲೆಕ್ಕ. ಇಲ್ಲಿಗೆ ಇಲ್ಲಿಯದೇ ಅಳತೆ ಬೇಕು. ಐದೂ ಊರಿನ ಶಾಲೆಗಳಲ್ಲಿ, ದೂರದ ಒಂದೆರಡು ಶಾಲೆಗಳಲ್ಲಿ ನೆರಳಿಗೆ ಉಷ್ಣಮಾಪಕ ಕಟ್ಟಿ, ಒಂದೇ ಹೊತ್ತಿಗೆ ವರ್ಷವಿಡೀ ಬರೆದಿಟ್ಟರೆ ಸಾಕು. ಮಕ್ಕಳೇ ಮಾಡಬಹುದು. ಕೇಳಿದವರನ್ನು ಮೂಢರೆನ್ನುವುದು ವಿಜ್ಞಾನವಲ್ಲ, ಅಳೆದು ನೋಡುವುದು ವಿಜ್ಞಾನ.

ನಾನು ನಕ್ಕ ಮೇಲೆ ಆ ತಾಯಿ ಇನ್ನೊಂದು ಮಾತು ಹೇಳಿದರು: “ಹೊಲ ಇದ್ದೋರಿಗೆ ಬಾಡಿಗೆ ಬತ್ತದೆ. ಕಳೆ ಕೀಳ್ತಿದ್ದ ನಮಗೆ?” ಆಗ ನನ್ನ ನಗು ನಿಂತಿತು.

ಇಲ್ಲಿ ರೈತರ ಜಮೀನು ಕೊಳ್ಳದೆ ಗುತ್ತಿಗೆಗೆ ಪಡೆದರು. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಒಡೆತನ ರೈತರದ್ದೇ. ಒಳ್ಳೆಯ ಏರ್ಪಾಡು. ಆದರೆ ಕಡಲೆಕಾಯಿ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕಿದವರ ಹೆಸರು ಪಹಣಿಯಲ್ಲಿರಲಿಲ್ಲ. ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರ ಹೆಸರೂ ಇರಲಿಲ್ಲ. ಹಲಗೆ ಒರೆಸುವ, ಹುಲ್ಲು ಕತ್ತರಿಸುವ, ಕಾವಲಿನ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಅಲ್ಲ.

ಶರಣರು ಕಾಯಕಕ್ಕೆ ಬೆಲೆ ಕಟ್ಟಿದರೇ ಹೊರತು ಪಹಣಿಗಲ್ಲ. ನಾನು ನೌಕರಿಯಲ್ಲಿದ್ದಾಗ ಯಾವ ಯೋಜನೆಯ ಅಂದಾಜುಪಟ್ಟಿಯಲ್ಲೂ ಸಿಮೆಂಟು, ಕಬ್ಬಿಣ, ಜಮೀನು ಎಲ್ಲಕ್ಕೂ ಒಂದೊಂದು ಸಾಲು ಬರೆದೆ. ಕೆಲಸ ಕಳೆದುಕೊಳ್ಳುವ ಕೂಲಿಯವರಿಗೆ ಒಂದು ಸಾಲನ್ನೂ ಬರೆಯಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ನಾಳೆ ನಿಮ್ಮೂರಿಗೂ ಇಂಥ ಯೋಜನೆ ಬರಬಹುದು. ಬೇಡವೆನ್ನಬೇಡಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡು ಪ್ರಶ್ನೆ ಕೇಳಿ: ಸೆಕೆ ಅಳೆಯುವವರು ಯಾರು? ಹೊಲವಿಲ್ಲದವರ ಕಾಯಕವೇನು? ಉತ್ತರ ಕಾಗದದ ಮೇಲೆ ಬರುವವರೆಗೆ ಕೂರಬೇಡಿ.